ಲಕೋಟೆ ಮೊದಲು, ಕಾರ್ಡ್ ಆಮೇಲೆ: ಕಥೆಯ ಪಾತ್ರಗಳನ್ನಿಟ್ಟು ಮಕ್ಕಳ ಜೊತೆ ಶುಭಾಶಯ ಪತ್ರ ಮಾಡುವ ಪೂರ್ತಿ ಕ್ರಮ

ಕಾರ್ಡ್ ಚೆನ್ನಾಗೇ ಬಂತು, ಆದರೆ ಲಕೋಟೆಯೊಳಗೆ ಹೋಗಲಿಲ್ಲ. ಒಣಗಿದ ಮೇಲೆ ಹಪ್ಪಳದ ಹಾಗೆ ಸುರುಟಿಕೊಂಡಿತು. ಮುಚ್ಚಿದಾಗ ಮೊಲದ ತಲೆ ಹೊರಗೆ ಇಣುಕುತ್ತಿತ್ತು. ಮಗು ಅರ್ಧಕ್ಕೆ ಎದ್ದು ಹೋಯಿತು, ಉಳಿದದ್ದನ್ನು ಅಮ್ಮನೇ ಮುಗಿಸಿದರು. ಮನೆಯಲ್ಲಿ ಶುಭಾಶಯ ಪತ್ರ ಮಾಡಲು ಕೂತವರಿಂದ ನಾನು ಪದೇ ಪದೇ ಕೇಳುವುದು ಈ ನಾಲ್ಕೇ ದೂರು.

ಇದರಲ್ಲಿ ಯಾರ ಕೈಯ ತಪ್ಪೂ ಇಲ್ಲ. ಹೆಚ್ಚಿನ ಸಲ ಕೆಲಸದ ಕ್ರಮ ಹಿಂದುಮುಂದಾಗಿರುತ್ತದೆ. ನಾವು ಚಿತ್ರದಿಂದ ಶುರು ಮಾಡುತ್ತೇವೆ, ಲಕೋಟೆಯನ್ನು ಕೊನೆಗೆ ಹುಡುಕುತ್ತೇವೆ. ಅದನ್ನು ತಿರುಗಿಸಿ: ಲಕೋಟೆ, ಕಥೆ, ಕರಡು, ಮಡಿಕೆ, ಚಿತ್ರ, ಬರಹ, ಅಂಟು. ಈ ಸಾಲು ತಪ್ಪದಿದ್ದರೆ ಆರು ವರ್ಷದ ಮಗುವೂ ಅಂಚೆಗೆ ಹಾಕಬಹುದಾದ ಕಾರ್ಡ್ ಮಾಡುತ್ತದೆ.

ಎರಡು ದಿನ ಇಟ್ಟುಕೊಳ್ಳಿ. ಮೊದಲ ದಿನ ಕಥೆ ಮತ್ತು ಕರಡು, ಅರ್ಧ ಗಂಟೆ ಸಾಕು. ಎರಡನೇ ದಿನ ಉಳಿದದ್ದು. ಒಂದೇ ಸಂಜೆ ಎಲ್ಲ ಮುಗಿಸಲು ಹೊರಟರೆ ಅಂಟು ಹಚ್ಚುವ ಹೊತ್ತಿಗೆ ಮಗು ದಣಿದಿರುತ್ತದೆ. ಹೆಚ್ಚಿನ ಕಾರ್ಡ್‌ಗಳು ಕೆಡುವುದು ಆಗಲೇ.

## ಬೇಕಾದ ಸಾಮಾನು

ಕಾರ್ಡಿನ ಹೊರಗಿನ ಹಾಳೆಗೆ 200ರಿಂದ 250 ಜಿಎಸ್‌ಎಂ ದಪ್ಪದ ಎ4 ಹಾಳೆ. ಅಂಗಡಿಯಲ್ಲಿ ಜಿಎಸ್‌ಎಂ ಎಂದೇ ಕೇಳಿ. ಒಂದು ಚದರ ಮೀಟರ್ ಹಾಳೆಯ ತೂಕ ಎಷ್ಟು ಗ್ರಾಂ ಎಂಬ ಲೆಕ್ಕ ಅದು. ಪ್ರಿಂಟರ್ ಹಾಳೆ 70-80 ಜಿಎಸ್‌ಎಂ ಇರುತ್ತದೆ, ಅದು ಕಾರ್ಡಾಗಿ ನಿಲ್ಲುವುದಿಲ್ಲ. ಒಳಗಿನ ಹಾಳೆಗೆ ಮಾಮೂಲಿ ಡ್ರಾಯಿಂಗ್ ಶೀಟ್ ಸಾಕು.

ಮನೆಯಲ್ಲಿ ಹಳೆಯ ಲಗ್ನಪತ್ರಿಕೆಗಳಿದ್ದರೆ ಬಿಸಾಡಬೇಡಿ. ಅವುಗಳ ರಟ್ಟು ಗಟ್ಟಿಯಾಗಿರುತ್ತದೆ. ಪಾತ್ರಗಳನ್ನು ಕತ್ತರಿಸಿ ಅಂಟಿಸಲು ಬಹಳ ಚೆನ್ನ. ದೇವರ ಚಿತ್ರವಿರುವ ಭಾಗವನ್ನು ಮಾತ್ರ ಮೊದಲೇ ಬೇರೆ ತೆಗೆದಿಡಿ. ಇಲ್ಲದಿದ್ದರೆ ನಡುವೆ ಅಜ್ಜಿಗೆ ಬೇಸರವಾಗುತ್ತದೆ.

ಉಳಿದದ್ದು: ಗೆರೆ ಸರಿಯಾಗಿ ಕಾಣುವ ಸ್ಕೇಲು, ಪೆನ್ಸಿಲ್, ತುದಿ ಮೊಂಡಾದ ಮಕ್ಕಳ ಕತ್ತರಿ, ಇಂಕು ಮುಗಿದ ಬಾಲ್ ಪೆನ್, ಗ್ಲೂ ಸ್ಟಿಕ್, ಕ್ರೇಯಾನ್, ಒಂದು ಕಪ್ಪು ಸ್ಕೆಚ್ ಪೆನ್, ಹಳೆಯ ದಿನಪತ್ರಿಕೆ, ಒದ್ದೆ ಬಟ್ಟೆ. ಇಂಕು ಮುಗಿದ ಪೆನ್ ಯಾಕೆಂದು ಮಡಿಕೆಯ ಹಂತದಲ್ಲಿ ಹೇಳುತ್ತೇನೆ.

ಮಗು ಎಡಗೈ ಬಳಸುತ್ತದೆಯಾ? ಹಾಗಿದ್ದರೆ ಎಡಗೈ ಕತ್ತರಿ ತರಿಸಿ. ಮಾಮೂಲಿ ಕತ್ತರಿಯನ್ನು ಎಡಗೈಯಲ್ಲಿ ಹಿಡಿದರೆ ಮೇಲಿನ ಅಲಗು ಗೆರೆಯನ್ನೇ ಮುಚ್ಚಿಬಿಡುತ್ತದೆ. ಮಗುವಿಗೆ ತಾನು ಎಲ್ಲಿ ಕತ್ತರಿಸುತ್ತಿದ್ದೇನೆ ಎಂದು ಕಾಣುವುದೇ ಇಲ್ಲ. ಅಲಗುಗಳು ಹಾಳೆಯನ್ನು ಕಚ್ಚದೆ ಮಡಚಿಯೂ ಬಿಡುತ್ತವೆ. "ಇವನಿಗೆ ಕತ್ತರಿಸೋಕೆ ಬರಲ್ಲ" ಎಂದು ಬೈಸಿಕೊಂಡ ಮಕ್ಕಳಲ್ಲಿ ಕೆಲವರ ತೊಂದರೆ ಇಷ್ಟೇ ಆಗಿತ್ತು.

ಬಿಸಿ ಅಂಟಿನ ಗನ್ ಮತ್ತು ಬ್ಲೇಡ್ ಮಕ್ಕಳ ಮೇಜಿನ ಮೇಲೆ ಬೇಡ. ಮೂರು ವರ್ಷದೊಳಗಿನ ತಮ್ಮ ತಂಗಿ ಮನೆಯಲ್ಲಿದ್ದರೆ ಮಣಿ, ಗುಂಡಿ, ಅಂಟಿಸುವ ಕಣ್ಣುಗಳೂ ಬೇಡ. ನೆಲಕ್ಕೆ ಬಿದ್ದದ್ದು ನೇರ ಅವರ ಬಾಯಿಗೆ ಹೋಗುತ್ತದೆ.

## ಹಂತ 1: ಯಾರಿಗೆ ಎಂದು ಮಗುವೇ ಹೇಳಲಿ

"ಯುಗಾದಿಗೆ ಕಾರ್ಡ್ ಮಾಡೋಣ" ಎಂದರೆ ಮಗುವಿಗೆ ಏನೂ ಹೊಳೆಯುವುದಿಲ್ಲ. "ಯಾರಿಗೆ ಕಳಿಸೋಣ?" ಎಂದು ಕೇಳಿ. ಒಬ್ಬರ ಹೆಸರು ಬರಲಿ. ಅವರ ಬಗ್ಗೆ ಎರಡು ಮಾತು ಆಡಿಸಿ: ಅವರು ಎಲ್ಲಿರುತ್ತಾರೆ, ನೀನು ಅವರನ್ನು ನೋಡಿ ಎಷ್ಟು ದಿನ ಆಯಿತು, ಅವರಿಗೆ ಏನು ಹೇಳಬೇಕು. ಮಗು ಆಗ ಹೇಳಿದ ಮಾತನ್ನು ಒಂದು ಚೀಟಿಯಲ್ಲಿ ಹಾಗೇ ಬರೆದಿಡಿ, ತಿದ್ದಬೇಡಿ. ಹಂತ 8ರಲ್ಲಿ ಅದು ಬೇಕಾಗುತ್ತದೆ.

ಮೊದಲ ಸಲ ಒಂದೇ ಕಾರ್ಡ್. "ತರಗತಿಯ ಎಲ್ಲರಿಗೂ" ಎಂದು ಮೂವತ್ತು ಕಾರ್ಡಿಗೆ ಕೈಹಾಕಿದರೆ ಅದು ಹೋಮ್‌ವರ್ಕ್ ಆಗಿಬಿಡುತ್ತದೆ.

## ಹಂತ 2: ಲಕೋಟೆ ಮಾಡಿಕೊಳ್ಳಿ

ಎ4 ಹಾಳೆ 210 × 297 ಮಿಲಿಮೀಟರ್. ಅದನ್ನು ಅಡ್ಡಕ್ಕೆ ಅರ್ಧ ಮಾಡಿದರೆ 148 × 210. ಅದನ್ನು ಮತ್ತೆ ಅರ್ಧಕ್ಕೆ ಮಡಚಿದರೆ 105 × 148 ಮಿಮೀ ಕಾರ್ಡ್. ನಮ್ಮ ಅಳತೆ ಇದೇ. ಅಂಗಡಿಯಲ್ಲಿ ಸಿಗುವ ಸಿ6 ಲಕೋಟೆ 114 × 162 ಮಿಮೀ ಇರುತ್ತದೆ, ಇದಕ್ಕೆ ಸರಿಯಾಗಿ ಹೊಂದುತ್ತದೆ.

ಸಿಗದಿದ್ದರೆ ಮನೆಯಲ್ಲೇ ಮಾಡಿ. ಒಂದು ಎ4 ಪ್ರಿಂಟರ್ ಹಾಳೆಯನ್ನು ಉದ್ದುದ್ದ ಇಟ್ಟುಕೊಳ್ಳಿ. ಎಡ ಮತ್ತು ಬಲ ಅಂಚನ್ನು ತಲಾ 2.8 ಸೆಂಮೀ ಒಳಗೆ ಮಡಚಿ. ಅಗಲ 15.4 ಸೆಂಮೀ ಉಳಿಯಿತು. ಈಗ ಕೆಳಗಿನಿಂದ 11 ಸೆಂಮೀ ಮೇಲಕ್ಕೆ ಮಡಚಿ, ಎರಡು ಪಕ್ಕದಲ್ಲಿ ತೆಳುವಾಗಿ ಅಂಟು ಹಚ್ಚಿ ಒತ್ತಿ. ಮೇಲೆ ಸುಮಾರು 7.7 ಸೆಂಮೀ ಉಳಿಯುತ್ತದೆ. ಅದೇ ಮುಚ್ಚಳ. ಕತ್ತರಿಯೇ ಬೇಕಿಲ್ಲ.

ಅಮೆರಿಕದಲ್ಲಿ ಇರುವವರಿಗೆ ಒಂದು ಮಾತು. ಅಲ್ಲಿ ಸಾಮಾನ್ಯವಾಗಿ ಸಿಗುವ ಹಾಳೆ ಎ4 ಅಲ್ಲ, 8.5 × 11 ಇಂಚಿನದು. ಅದನ್ನು ಇದೇ ರೀತಿ ಎರಡು ಸಲ ಅರ್ಧ ಮಾಡಿದರೆ 4.25 × 5.5 ಇಂಚಿನ ಕಾರ್ಡ್ ಬರುತ್ತದೆ. ಅದಕ್ಕೆ ಅಲ್ಲಿನ ಎ2 ಲಕೋಟೆ ತಗೊಳ್ಳಿ. ಕೆಳಗೆ ಬರುವ ಮಡಿಕೆಯ ಗುರುತು 105ರ ಬದಲು 108 ಮಿಮೀ ಇರಲಿ, ಒಳಗಿನ ಹಾಳೆ 14ರ ಬದಲು 13 ಸೆಂಮೀ ಇರಲಿ. ಉಳಿದ ಅಳತೆಗಳು ಹಾಗೇ ನಡೆಯುತ್ತವೆ.

ಲಕೋಟೆ ಮೇಜಿನ ಮೇಲೇ ಇರಲಿ. ಪ್ರತಿ ಹಂತ ಮುಗಿದ ಮೇಲೂ ಕಾರ್ಡನ್ನು ಅದರೊಳಗೆ ಒಮ್ಮೆ ಹಾಕಿ ತೆಗೆಯಲು ಮಗುವಿಗೆ ಹೇಳಿ. ಅಳತೆ ತಪ್ಪಿದ್ದು ಆ ಕ್ಷಣದಲ್ಲೇ ಗೊತ್ತಾಗುತ್ತದೆ.

## ಹಂತ 3: ಕಥೆ ಹೇಳಿ, ಒಂದು ಕೆಲಸ ಆರಿಸಿ

ಇಡೀ ಮಾರ್ಗದರ್ಶಿಯಲ್ಲಿ ನಿಧಾನವಾಗಿ ಮಾಡಬೇಕಾದ ಹಂತ ಇದು. ಬಹಳ ಜನ ಇಲ್ಲಿ ಪಾತ್ರದ ಮುಖ ಬರೆಯಲು ಹೋಗಿ ಸಿಕ್ಕಿಹಾಕಿಕೊಳ್ಳುತ್ತಾರೆ. ಸಿಂಹದ ಮುಖ ಕಷ್ಟ. ಮಗು ಬರೆದದ್ದು ಪುಸ್ತಕದ ಚಿತ್ರದ ಹಾಗೆ ಬರುವುದಿಲ್ಲ. ರಬ್ಬರ್ ಹಾಕಿ ಹಾಕಿ ಹಾಳೆ ಹರಿಯುತ್ತದೆ. ಕೊನೆಗೆ ಟಿವಿಯ ಕಾರ್ಟೂನನ್ನು ನೋಡಿ ನಕಲು ಮಾಡುತ್ತಾರೆ.

ಮುಖ ಬಿಡಿ. ಆ ಪಾತ್ರ ಕಥೆಯಲ್ಲಿ ಮಾಡಿದ ಒಂದು ಕೆಲಸ ಹಿಡಿಯಿರಿ. ಕಾರ್ಡ್ ತೆರೆದಾಗ ಆ ಕೆಲಸ ನಡೆಯಬೇಕು, ಅಷ್ಟೇ. ಕೆಲಸ ಸರಿಯಾಗಿ ನಡೆದರೆ ಕಾಗೆ ವಕ್ರವಾಗಿದ್ದರೂ ಎಲ್ಲರಿಗೂ ಗುರುತು ಸಿಗುತ್ತದೆ.

ನಾನು ಮಕ್ಕಳಿಗೆ ಹೆಚ್ಚಾಗಿ ಕೊಡುವ ಕಥೆಗಳು ನಾಲ್ಕು.

ಕಾಗಕ್ಕ ಗುಬ್ಬಕ್ಕನ ಕಥೆ. ಮಳೆ ಬಂದು ಕಾಗಕ್ಕನ ಮನೆ ಕೊಚ್ಚಿಹೋಗುತ್ತದೆ. ಅವಳು ಗುಬ್ಬಕ್ಕನ ಬಾಗಿಲು ಬಡಿಯುತ್ತಾಳೆ. ಗುಬ್ಬಕ್ಕ ಇರು, ಮಗುಗೆ ಸ್ನಾನ ಮಾಡಿಸ್ತಿದೀನಿ ಎನ್ನುತ್ತಾಳೆ. ಈ ಕಥೆಯ ಕೆಲಸ ಬಾಗಿಲು ತೆರೆಯುವುದು. ದೂರದಲ್ಲಿರುವ ಅಜ್ಜಿಗೆ, ಹೊಸ ಮನೆಗೆ ಹೋದವರಿಗೆ ಇದಕ್ಕಿಂತ ಚೆನ್ನಾದ ಕಾರ್ಡ್ ನನಗೆ ಗೊತ್ತಿಲ್ಲ. ನಿಮ್ಮ ಮನೆಯಲ್ಲಿ ಈ ಕಥೆಯನ್ನು ಬೇರೆ ರೀತಿ ಹೇಳುತ್ತಿದ್ದರೆ ನಿಮ್ಮದೇ ಹೇಳಿ.

ಮಂಗ ಮತ್ತು ಮೊಸಳೆ. ನೇರಳೆ ಹಣ್ಣು ತಿನ್ನಿಸಿದ ಗೆಳೆಯನಿಗೇ ಮೊಸಳೆ ಮೋಸ ಮಾಡಲು ಹೊರಡುತ್ತದೆ. ಕೆಲಸ: ಬಾಯಿ ತೆರೆಯುವುದು. ಇದನ್ನು ಗೆಳೆತನದ ಕಾರ್ಡಾಗಿ ಮಾಡಬೇಡಿ, ಕಥೆಗೆ ಹೊಂದುವುದಿಲ್ಲ. ಕ್ಷಮೆ ಕೇಳುವ ಕಾರ್ಡ್ ಮಾಡಿ. ಒಬ್ಬ ಹುಡುಗಿ ತನ್ನ ಗೆಳತಿಯ ಜೊತೆ ಟೂ ಬಿಟ್ಟಿದ್ದಳು. ಅವಳು ಮೊಸಳೆಯ ಬಾಯೊಳಗೆ ಒಂದು ನೇರಳೆ ಹಣ್ಣು ಬರೆದಳು. ಮೊಸಳೆ ಹಣ್ಣನ್ನು ವಾಪಸ್ ತಂದು ಕೊಡುತ್ತಿದೆಯಂತೆ. ಅದು ಪೂರ್ತಿ ಅವಳದೇ ಯೋಚನೆ.

ಸಿಂಹ ಮತ್ತು ಮೊಲ. ಸಿಂಹ ಬಾವಿಯಲ್ಲಿ ತನ್ನದೇ ನೆರಳು ನೋಡುತ್ತದೆ. ಕೆಲಸ: ಬಾವಿ ಎದ್ದು ನಿಲ್ಲುವುದು. ತಮ್ಮ ತಂಗಿಯ ಹುಟ್ಟುಹಬ್ಬಕ್ಕೆ ಒಳ್ಳೆಯದು, ಚಿಕ್ಕವನೇ ಗೆಲ್ಲುವ ಕಥೆ ಅಲ್ವಾ.

ಪುಣ್ಯಕೋಟಿ. ಕೆಲಸ: ಕೊಟ್ಟ ಮಾತಿಗೆ ನಡೆಯುವುದು. "ರಜೆಗೆ ಬಂದೇ ಬರ್ತೀನಿ" ಎಂದು ಬರೆಯಬೇಕಾದಾಗ.

ಕಥೆ ಮುಗಿದ ಮೇಲೆ "ನಿನಗೆ ಯಾರು ಇಷ್ಟ?" ಎಂದು ಕೇಳಬೇಡಿ. "ಅವರು ಏನು ಮಾಡಿದರು? ಕೈಯಲ್ಲಿ ಮಾಡಿ ತೋರಿಸು" ಎಂದು ಕೇಳಿ. ಮಗು ಬಾಗಿಲು ಬಡಿದು ತೋರಿಸಿದರೆ ನಿಮ್ಮ ಕಾರ್ಡ್ ಗೊತ್ತಾಯಿತು.

## ಹಂತ 4: ದಿನಪತ್ರಿಕೆಯಲ್ಲಿ ಕರಡು

ಒಳ್ಳೆಯ ಹಾಳೆ ಮುಟ್ಟುವ ಮೊದಲು ದಿನಪತ್ರಿಕೆಯಲ್ಲಿ ಒಮ್ಮೆ ಇಡೀ ಕಾರ್ಡ್ ಮಾಡಿ. ಬಣ್ಣ ಬೇಡ, ಚಿತ್ರವೂ ಬೇಡ. ಮಡಿಕೆ ಮತ್ತು ಕತ್ತರಿ ಮಾತ್ರ. ಹತ್ತು ನಿಮಿಷದ ಕೆಲಸ.

ಈ ಹಂತವನ್ನು ಬಿಟ್ಟವರೇ ಜಾಸ್ತಿ. ಮಗು ತಪ್ಪು ಮಾಡಬಹುದಾದ ಹಾಳೆ ಒಂದು ಬೇಕು. ದಿನಪತ್ರಿಕೆಯಲ್ಲಿ ತಪ್ಪಾದರೆ ಯಾರೂ ಉಸಿರು ಬಿಗಿಹಿಡಿಯುವುದಿಲ್ಲ. ಕರಡಿನ ಮೇಲೆ "ಮುಂದೆ", "ಒಳಗೆ", "ಮೇಲೆ" ಎಂದು ಬರೆಸಿ. ಎರಡನೇ ದಿನ ಕಾರ್ಡ್ ತಲೆಕೆಳಗಾಗುವುದು ತಪ್ಪುತ್ತದೆ.

ಮೊದಲ ದಿನ ಇಲ್ಲಿಗೆ ನಿಲ್ಲಿಸಿ.

## ಹಂತ 5: ಮಡಿಕೆ

ಮಡಿಕೆಯ ಮೇಲೆ ಬಿಳಿ ಬಿರುಕು ಬರುವುದು, ಅಂಚು ಸೊಟ್ಟ ಆಗುವುದು. ಎರಡಕ್ಕೂ ಕಾರಣವಿದೆ.

ಹಾಳೆಯೊಳಗಿನ ನಾರುಗಳು ಒಂದು ದಿಕ್ಕಿನಲ್ಲಿ ಹೆಚ್ಚು ಮಲಗಿರುತ್ತವೆ. ಆ ದಿಕ್ಕಿಗೆ ಮಡಚಿದರೆ ನುಣ್ಣಗೆ ಬರುತ್ತದೆ. ಅಡ್ಡಕ್ಕೆ ಮಡಚಿದರೆ ದಪ್ಪ ಹಾಳೆ ಬಿರಿಯುತ್ತದೆ. ಪರೀಕ್ಷೆ ಸುಲಭ. ಹಾಳೆಯನ್ನು ಮಡಚದೆ ಸುಮ್ನೆ ಬಾಗಿಸಿ ಅಂಗೈಯಿಂದ ಒತ್ತಿ ನೋಡಿ, ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ. ಯಾವ ಕಡೆ ಮೆತ್ತಗೆ ಬಾಗುತ್ತದೋ ಆ ಕಡೆಗೇ ಮಡಿಕೆ. ಎ4 ಹಾಳೆಗಳಲ್ಲಿ ನಾರು ಹೆಚ್ಚಾಗಿ ಉದ್ದಕ್ಕೇ ಇರುತ್ತದೆ. ಹಾಗಾಗಿ ಹಂತ 2ರ ಅಳತೆಯಲ್ಲಿ ಕತ್ತರಿಸಿದರೆ ಮಡಿಕೆ ತಾನಾಗೇ ಸರಿಯಾದ ದಿಕ್ಕಿಗೆ ಬರುತ್ತದೆ. ದೊಡ್ಡ ಚಾರ್ಟ್ ಪೇಪರಿನಿಂದ ಮನಸ್ಸಿಗೆ ಬಂದ ಕಡೆ ತುಂಡು ಮಾಡಿದವರು ಮಾತ್ರ ಈ ಪರೀಕ್ಷೆ ಮರೆಯಬಾರದು.

ಇಂಕು ಮುಗಿದ ಪೆನ್ ಈಗ ತೆಗೆಯಿರಿ. ಹಾಳೆಯ ಕೆಳಗೆ ನಾಲ್ಕು ಪದರ ದಿನಪತ್ರಿಕೆ ಹಾಕಿ. ಕಾರ್ಡಿನ ಹೊರಮೈಯ ನಡುವೆ, 105 ಮಿಮೀ ಗುರುತಿನಲ್ಲಿ, ಸ್ಕೇಲು ಇಟ್ಟು ಪೆನ್ನಿನಿಂದ ಎರಡು ಸಲ ಗಟ್ಟಿಯಾಗಿ ಎಳೆಯಿರಿ. ಒಂದು ತಗ್ಗು ಬೀಳುತ್ತದೆ. ಆ ತಗ್ಗು ಹೊರಗೆ ಉಳಿಯುವಂತೆ ಹಾಳೆಯನ್ನು ಹಿಂದಕ್ಕೆ ಮಡಚಿ. ಮೂಲೆಗೆ ಮೂಲೆ ಕೂಡಿಸಿ, ಮಡಿಕೆಯ ನಡುವಿನಿಂದ ಎರಡೂ ತುದಿಗೆ ಚಮಚದ ಹಿಂಬದಿಯಲ್ಲಿ ಉಜ್ಜಿ.

ಮಕ್ಕಳಿಗೆ ಈ ಉಜ್ಜುವ ಕೆಲಸ ಬಹಳ ಇಷ್ಟ. ಅದನ್ನು ಅವರಿಗೇ ಬಿಡಿ.

## ಹಂತ 6: ನಡೆಯುವ ಭಾಗ

ಬಾಗಿಲು ಹೊರಗಿನ ಹಾಳೆಯ ಮೇಲೆ ಬರುತ್ತದೆ. ಬಾಯಿ ಮತ್ತು ಬಾವಿಯನ್ನು ಒಳಗಿನ ಬೇರೆ ಹಾಳೆಯಲ್ಲಿ ಮಾಡಿ. ಹೊರಗಿನ ಹಾಳೆಯಲ್ಲೇ ಕತ್ತರಿಸಿದರೆ ಕಾರ್ಡಿನ ಬೆನ್ನಲ್ಲಿ ತೂತು ಕಾಣುತ್ತದೆ.

### ಗುಬ್ಬಕ್ಕನ ಬಾಗಿಲು

ಕಾರ್ಡಿನ ಮುಖದಲ್ಲೇ ಬಾಗಿಲು ಕೊರೆಯಲು ಹೋಗುತ್ತಾರೆ. ಅದಕ್ಕೆ ಬ್ಲೇಡ್ ಬೇಕು. ಜೊತೆಗೆ ಹಿಂದೆ ಅಂಟಿಸಿದ ಗುಬ್ಬಕ್ಕ ಬಾಗಿಲ ನಡುವೆ ಬರದೆ ಪಕ್ಕಕ್ಕೆ ಸರಿದಿರುತ್ತಾಳೆ. ಎಂಟು ವರ್ಷದೊಳಗಿನವರಿಗೆ ಬೇರೆ ದಾರಿ ಇದೆ.

ಲಗ್ನಪತ್ರಿಕೆಯ ರಟ್ಟಿನಿಂದ 5 ಸೆಂಮೀ ಅಗಲ, 6 ಸೆಂಮೀ ಎತ್ತರದ ತುಂಡು ಕತ್ತರಿಸಿ. ಎಡಗಡೆ 1 ಸೆಂಮೀ ಬಿಟ್ಟು ಮಡಿಕೆ ಹಾಕಿ. ಆ ಪಟ್ಟಿ ಕೀಲು, ಉಳಿದ 4 ಸೆಂಮೀ ಬಾಗಿಲು. ಕಾರ್ಡಿನ ಮುಖದ ಮೇಲೆ ಬಾಗಿಲನ್ನು ಇಟ್ಟು ಸುತ್ತ ಪೆನ್ಸಿಲ್ ಎಳೆಯಿರಿ. ಬಾಗಿಲು ಎತ್ತಿಡಿ. ಆ ಚೌಕದೊಳಗೆ ಮಗು ಗುಬ್ಬಕ್ಕನನ್ನು ಬರೆಯಲಿ, ಮಗುಗೆ ಸ್ನಾನ ಮಾಡಿಸುವ ಬೋಸಿಯನ್ನೂ ಬರೆಯಲಿ. ಆಮೇಲೆ ಕೀಲಿಗೆ ಮಾತ್ರ ಅಂಟು.

ಕಾಗಕ್ಕ ಹೊರಗೆ ಮಳೆಯಲ್ಲಿ ನಿಂತಿರುತ್ತಾಳೆ. ಬಾಗಿಲು ತಾನಾಗೇ ತೆರೆದುಕೊಳ್ಳುತ್ತಿದ್ದರೆ ಕೀಲಿನ ಮಡಿಕೆ ಸಾಲದು ಎಂದರ್ಥ. ಬಿಚ್ಚದೆ, ಅದರ ಮೇಲೆ ಚಮಚ ಇನ್ನೊಮ್ಮೆ ಉಜ್ಜಿ.

### ಮೊಸಳೆಯ ಬಾಯಿ

ಒಳಗಿನ ಹಾಳೆಯನ್ನು 14 × 20 ಸೆಂಮೀ ಕತ್ತರಿಸಿ ಅರ್ಧಕ್ಕೆ ಮಡಚಿ. ಕಾರ್ಡಿಗಿಂತ ಸ್ವಲ್ಪ ಚಿಕ್ಕದಾಗಿರಬೇಕು, ಇಲ್ಲದಿದ್ದರೆ ಅಂಚು ಹೊರಗೆ ಬರುತ್ತದೆ. ಮಡಿಕೆಯ ಕಡೆಯ ಅಂಚಿನ ನಡುವೆ ಗುರುತು ಮಾಡಿ. ಅಲ್ಲಿಂದ ಒಳಕ್ಕೆ 4 ಸೆಂಮೀ ನೇರ ಗೆರೆ ಎಳೆದು ಅದರ ಮೇಲೆ ಕತ್ತರಿಸಿ. ಒಂದೇ ಕತ್ತರಿ ಗೆರೆ, ಅಷ್ಟೇ.

ಈಗ ಗೆರೆಯ ಮೇಲಿನ ತುಟಿಯನ್ನು ಮೇಲಕ್ಕೆ ಓರೆಯಾಗಿ ಮಡಚಿ, ಒಂದು ತ್ರಿಕೋನ ಬರುತ್ತದೆ. ಕೆಳಗಿನ ತುಟಿಯನ್ನು ಕೆಳಕ್ಕೆ ಹಾಗೇ ಮಡಚಿ. ಬಿಚ್ಚಿ, ಹಾಳೆ ತಿರುಗಿಸಿ, ಅದೇ ಮಡಿಕೆಗಳನ್ನು ಹಿಂದಕ್ಕೂ ಮಡಚಿ. ಹಿಂದಕ್ಕೂ ಮುಂದಕ್ಕೂ ಮಡಚದಿದ್ದರೆ ಬಾಯಿ ಒಳಗೇ ಸಿಕ್ಕಿಕೊಳ್ಳುತ್ತದೆ. ಕೊನೆಗೆ ಹಾಳೆಯನ್ನು ಅರ್ಧ ತೆರೆದು, ಹಿಂದಿನಿಂದ ಬೆರಳಿಟ್ಟು ತ್ರಿಕೋನಗಳನ್ನು ಓದುವವರ ಕಡೆಗೆ ತಳ್ಳಿ. ಹಾಗೇ ಹಿಡಿದು ಕಾರ್ಡ್ ಮುಚ್ಚಿ ಗಟ್ಟಿಯಾಗಿ ಒತ್ತಿ. ಈಗ ತೆರೆದು ಮುಚ್ಚಿದರೆ ಮೊಸಳೆ ಬಾಯಿ ಆಡಿಸುತ್ತದೆ.

ಹಲ್ಲುಗಳನ್ನು ಗೆರೆಯಲ್ಲೇ ಕತ್ತರಿಸಲು ಹೋಗಬೇಡಿ, ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ಬಿಳಿ ಕ್ರೇಯಾನಿನಲ್ಲಿ ಬರೆಯಿರಿ. ಬಾಯಿಯ ಹಿಂದೆ ಕಾಣುವ ಹೊರಗಿನ ಹಾಳೆಯ ಭಾಗಕ್ಕೆ ಕೆಂಪು ಹಚ್ಚಿ. ನೇರಳೆ ಹಣ್ಣು ಅಲ್ಲಿಗೇ.

### ಸಿಂಹದ ಬಾವಿ

ಇದಕ್ಕೂ ಅದೇ ಅಳತೆಯ ಒಳಹಾಳೆ. ಮಡಿಕೆ ಮೇಲೆ ಬರುವಂತೆ ಅಡ್ಡಕ್ಕೆ ಹಿಡಿಯಿರಿ. ಮಡಿಕೆಯ ಅಂಚಿನಿಂದ ಒಳಕ್ಕೆ 3 ಸೆಂಮೀ ಉದ್ದದ ಎರಡು ಸಮ ಗೆರೆಗಳನ್ನು, ನಡುವೆ 5 ಸೆಂಮೀ ಅಂತರವಿಟ್ಟು ಕತ್ತರಿಸಿ. ನಡುವಿನ ಪಟ್ಟಿಯನ್ನು ಹಿಂದೆ ಮುಂದೆ ಮಡಚಿ, ಹಾಳೆ ತೆರೆದು ಪಟ್ಟಿಯನ್ನು ನಿಮ್ಮ ಕಡೆಗೆ ತಳ್ಳಿ. ಹಾಳೆಯನ್ನು ಅರ್ಧ ತೆರೆದು ನಿಲ್ಲಿಸಿದರೆ ಒಂದು ಪೆಟ್ಟಿಗೆ ಎದ್ದು ನಿಲ್ಲುತ್ತದೆ. ಅದರ ಮುಂಭಾಗಕ್ಕೆ ಕಲ್ಲುಗಳನ್ನು ಬರೆಯಿರಿ. ಮೇಲ್ಭಾಗಕ್ಕೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ತುಂಡು ಅಂಟಿಸಿ, ಅದೇ ನೀರು. ಫಾಯಿಲ್ ಮಡಿಕೆ ಗೆರೆಯ ಮೇಲೆ ಬರದಂತೆ ಎಲ್ಲ ಕಡೆ 2 ಮಿಮೀ ಚಿಕ್ಕದು ಮಾಡಿ. ಸಿಂಹವನ್ನು ಹಿಂದಿನ ಗೋಡೆಗೆ, ಬಗ್ಗಿ ನೋಡುವ ಹಾಗೆ ಅಂಟಿಸಿ.

ಮೊಲ ಬೇರೆಯಾಗಿ ನಿಲ್ಲಬೇಕಾದರೆ ಪಕ್ಕದಲ್ಲಿ 2 ಸೆಂಮೀ ಆಳ, 1.5 ಸೆಂಮೀ ಅಗಲದ ಇನ್ನೊಂದು ಚಿಕ್ಕ ಪೆಟ್ಟಿಗೆ ಮಾಡಿ. ಮೊಲದ ಕಾಲನ್ನು ನೆಲದ ಮಟ್ಟಕ್ಕಿಟ್ಟು ಅದರ ಮುಂಭಾಗಕ್ಕೆ ಅಂಟಿಸಿ. ತಲೆ ಹೊರಗೆ ಇಣುಕುವ ದೂರು ಬರುವುದು ಇಲ್ಲೇ. ಲೆಕ್ಕ ಇಷ್ಟು: ಪೆಟ್ಟಿಗೆಯ ಆಳ ಮತ್ತು ಗೊಂಬೆಯ ಎತ್ತರ ಕೂಡಿಸಿ. ಅದು 10 ಸೆಂಮೀ ದಾಟಬಾರದು. 2 ಸೆಂಮೀ ಆಳಕ್ಕೆ 7 ಸೆಂಮೀ ಮೊಲ ಸರಿ, ಒಟ್ಟು 9. ಕಾರ್ಡ್ ಮುಚ್ಚಿದಾಗ ಗೊಂಬೆ ಮಡಿಕೆಯಿಂದ ಅಷ್ಟು ದೂರಕ್ಕೆ ಮಲಗುತ್ತದೆ. ಕಿವಿಯನ್ನೂ ಸೇರಿಸಿ ಅಳೆಯಿರಿ, ಮೊಲದ ವಿಷಯದಲ್ಲಿ ಎಲ್ಲರೂ ಕಿವಿ ಮರೆಯುತ್ತಾರೆ.

### ಪುಣ್ಯಕೋಟಿಯ ನಡಿಗೆ

ಇದು ಒಂಬತ್ತು ದಾಟಿದವರಿಗೆ. ಅಡ್ಡ ಕಾರ್ಡಿನ ಮುಖದ ನಡುವೆ, 4 ಸೆಂಮೀ ಅಂತರದಲ್ಲಿ, 2.4 ಸೆಂಮೀ ಎತ್ತರದ ಎರಡು ನೇರ ಸೀಳು. ಇವನ್ನು ದೊಡ್ಡವರೇ ಹಾಕಿಕೊಡಿ. 2 ಸೆಂಮೀ ಅಗಲ, 10.5 ಸೆಂಮೀ ಉದ್ದದ ಪಟ್ಟಿಯನ್ನು ಹಿಂದಿನಿಂದ ಒಂದು ಸೀಳಿನಲ್ಲಿ ಮುಂದಕ್ಕೆ ತಂದು, ಇನ್ನೊಂದರಲ್ಲಿ ಹಿಂದಕ್ಕೆ ಕಳಿಸಿ. ಪಟ್ಟಿಯ ನಡುವೆ ಹಸುವಿನ ಹೊಟ್ಟೆಗೆ ಮಾತ್ರ ಒಂದು ಚುಕ್ಕೆ ಅಂಟು ಹಚ್ಚಿ ಕೂರಿಸಿ. ಹಸು 5 ಸೆಂಮೀ ಉದ್ದ ಇದ್ದರೆ ಸೀಳಿನೊಳಗೆ ಹೋಗುವುದಿಲ್ಲ. ಬೆರಳಿನಿಂದ ತಳ್ಳಿದರೆ ಕರುವಿನ ಹತ್ತಿರ ಬರುತ್ತದೆ. ಅಂಟು ಪಟ್ಟಿಯ ಅಂಚು ದಾಟಿದರೆ ಹಸು ಕಾರ್ಡಿಗೇ ಅಂಟಿಕೊಂಡು ನಿಂತುಬಿಡುತ್ತದೆ, ಮತ್ತೆ ಬಿಡಿಸಲಾಗದು.

## ಹಂತ 7: ಚಿತ್ರ ಬೇರೆ ಹಾಳೆಯಲ್ಲಿ

ಪಾತ್ರಗಳನ್ನು ಕಾರ್ಡಿನ ಮೇಲೆ ನೇರವಾಗಿ ಬರೆಸಬೇಡಿ. ಬೇರೆ ತುಂಡಿನಲ್ಲಿ ಬರೆದು, ಕತ್ತರಿಸಿ, ಅಂಟಿಸಿ. ಕೆಟ್ಟರೆ ಇನ್ನೊಂದು ಬರೆಯಬಹುದು. ಬಾಗಿಲ ಹಿಂದಿನ ಗುಬ್ಬಕ್ಕ ಒಬ್ಬಳೇ ಇದಕ್ಕೆ ಹೊರತು. ಅವಳನ್ನು ಮೊದಲು ಪೆನ್ಸಿಲಿನಲ್ಲಿ ಬರೆಸಿ.

ಮಗು "ನನಗೆ ಬರಲ್ಲ" ಎಂದರೆ ನೀವು ಬರೆದು ತೋರಿಸಬೇಡಿ. ಆಕಾರ ಕೇಳಿ. ಗುಬ್ಬಿ ಉಂಡೆಯಾ, ಉದ್ದವಾ? ಕಾಗೆಯ ಕೊಕ್ಕು ದಪ್ಪವಾ, ಸಣ್ಣವಾ? ಕಿಟಕಿಯಾಚೆ ಕಾಗೆ ಇದ್ದೇ ಇರುತ್ತದೆ, ಎದ್ದು ಹೋಗಿ ನೋಡಲಿ. ಮೂರ್ನಾಲ್ಕು ವರ್ಷದವರು ಬಣ್ಣದ ಹಾಳೆ ಹರಿದು ಅಂಟಿಸಲಿ. ಹರಿದ ಅಂಚು ಗರಿಯ ಹಾಗೆ ಕಾಣುತ್ತದೆ, ಕತ್ತರಿಸಿದ್ದಕ್ಕಿಂತ ಚೆನ್ನಾಗಿರುತ್ತದೆ.

ಬಣ್ಣಕ್ಕೆ ಕ್ರೇಯಾನ್ ಒಳ್ಳೆಯದು. ಸ್ಕೆಚ್ ಪೆನ್ನಿನಲ್ಲಿ ದೊಡ್ಡ ಜಾಗ ತುಂಬಿದರೆ ಹಾಳೆ ಒದ್ದೆಯಾಗಿ ನಾರು ಏಳುತ್ತದೆ, ಹಿಂದೆಯೂ ಇಳಿಯುತ್ತದೆ. ಅದು ಹೊರಗೆರೆಗೆ ಮಾತ್ರ ಇರಲಿ.

ಇಲ್ಲಿ ಮಗುವಿನ ಮೇಲೂ ಕಣ್ಣಿಡಿ. ಮಾತು ನಿಂತರೆ, ಪೆನ್ಸಿಲ್ ಗಟ್ಟಿಯಾಗಿ ಒತ್ತಲು ಶುರು ಮಾಡಿದರೆ, "ನೀನೇ ಮಾಡು" ಎಂದರೆ ದಣಿದಿದೆ ಎಂದರ್ಥ. ಎಲ್ಲವನ್ನೂ ಒಂದು ಡಬ್ಬಿಗೆ ಹಾಕಿ ಮುಚ್ಚಿ. ನಾಳೆ ಮಾಡಿದರಾಯಿತು. ದಯವಿಟ್ಟು ರಾತ್ರಿ ಕೂತು ನೀವೇ ಮುಗಿಸಬೇಡಿ. ಬೆಳಿಗ್ಗೆ ಎದ್ದು ನೋಡಿದ ಮಗುವಿಗೆ ಅದು ತನ್ನ ಕಾರ್ಡ್ ಅನ್ನಿಸುವುದಿಲ್ಲ.

## ಹಂತ 8: ಬರಹ, ಅಂಟಿಗಿಂತ ಮೊದಲು

ಒಳಹಾಳೆ ಇನ್ನೂ ಬಿಡಿಯಾಗಿರುವಾಗಲೇ ಬರೆಸಿ. ಅಂಟಿಸಿದ ಮೇಲೆ ಬರೆಯಲು ಹೋದರೆ ಬಾವಿ ಕೈಗೆ ಅಡ್ಡ ಬರುತ್ತದೆ. ತಪ್ಪಾದರೆ ಇಡೀ ಕಾರ್ಡ್ ಹೋಗುತ್ತದೆ.

ಕನ್ನಡ ಬರೆಯುವಾಗ ಸಾಲುಗಳ ನಡುವೆ ಜಾಗ ಜಾಸ್ತಿ ಬೇಕು. ಒತ್ತಕ್ಷರ ಕೆಳಗೆ ಇಳಿಯುತ್ತದೆ, ಗುಣಿತ ಮೇಲೆ ಏರುತ್ತದೆ. ಮಗುವಿನ ಅಕ್ಷರ 1 ಸೆಂಮೀ ಎತ್ತರ ಇದ್ದರೆ ಸಾಲಿನಿಂದ ಸಾಲಿಗೆ 2 ಸೆಂಮೀ ಇಟ್ಟು ಪೆನ್ಸಿಲಿನಲ್ಲಿ ತೆಳು ಗೆರೆ ಹಾಕಿಕೊಡಿ. ಇಂಗ್ಲಿಷ್ ಕಾಪಿ ಪುಸ್ತಕದ ಅಂತರ ಇಟ್ಟರೆ "ಹುಟ್ಟುಹಬ್ಬ"ದ ಒತ್ತುಗಳು ಕೆಳಗಿನ ಸಾಲಿನ ತಲೆಗೆ ಬಡಿಯುತ್ತವೆ.

"ಹುಟ್ಟುಹಬ್ಬದ ಶುಭಾಶಯಗಳು" 10 ಸೆಂಮೀ ಅಗಲದಲ್ಲಿ ಒಂದೇ ಸಾಲಿಗೆ ಹಿಡಿಸುವುದಿಲ್ಲ. ಕೊನೆಯ "ಗಳು" ಅಂಚಿನಲ್ಲಿ ಬಗ್ಗಿ ಇಳಿಯುತ್ತದೆ. ಎರಡು ಸಾಲಿಗೆ ಒಡೆಯುವುದನ್ನು ಮೊದಲೇ ತೋರಿಸಿ. ಕಾಗುಣಿತವೂ ನೋಡಿ. ಶುಭ ಮತ್ತು ಆಶಯ ಸೇರಿ ಶುಭಾಶಯ, ಹಾಗಾಗಿ ಅಲ್ಲಿ ಶ ಬರಬೇಕು, ಷ ಅಲ್ಲ. "ಹಾರ್ದಿಕ"ದಲ್ಲಿ ಬರುವುದು ದ, ಧ ಅಲ್ಲ. ದೊಡ್ಡವರೇ ಈ ಎರಡನ್ನೂ ತಪ್ಪು ಬರೆದುಕೊಡುತ್ತಾರೆ, ಮಗು ಅದನ್ನೇ ನಕಲು ಮಾಡುತ್ತದೆ.

ನನ್ನ ಕೇಳಿದರೆ ಆ ಪದಗಳೇ ಬೇಡ. ಹಂತ 1ರ ಚೀಟಿ ತೆಗೆಯಿರಿ. ಆರು ವರ್ಷದ ಒಬ್ಬ ಹುಡುಗ ಅಜ್ಜಿಗೆ ಮಾಡಿದ ಬಾಗಿಲಿನ ಕಾರ್ಡಿನಲ್ಲಿ ತನ್ನ ಚೀಟಿಯ ಮಾತನ್ನೇ ಬರೆದ: "ಅಜ್ಜಿ ಬಾಗಿಲು ತೆಗಿ, ನಾನು ಬಂದೆ." ಇದರ ಮುಂದೆ "ಹಾರ್ದಿಕ ಶುಭಾಶಯಗಳು" ಯಾಕೆ ಬೇಕು? ಅಕ್ಷರ ತಪ್ಪಿದ್ದರೆ ಒಮ್ಮೆ ಹೇಳಿ. ಮಗು ತಿದ್ದಲು ಒಪ್ಪದಿದ್ದರೆ ಹಾಗೇ ಹೋಗಲಿ.

## ಹಂತ 9: ಅಂಟು

ಹಾಳೆ ಅಲೆಅಲೆಯಾಗಲು ಕಾರಣ ನೀರು. ಬಿಳಿ ಅಂಟಿನಲ್ಲಿ ನೀರಿರುತ್ತದೆ, ಹಾಳೆ ಅದನ್ನು ಕುಡಿದು ಹಿಗ್ಗುತ್ತದೆ, ಒಣಗುವಾಗ ಒಂದೊಂದು ಕಡೆ ಒಂದೊಂದು ರೀತಿ ಕುಗ್ಗುತ್ತದೆ. ಅದಕ್ಕೇ ಗ್ಲೂ ಸ್ಟಿಕ್. ಬಿಳಿ ಅಂಟು ಮಾತ್ರ ಇದ್ದರೆ ಒಂದು ಮುಚ್ಚಳಕ್ಕೆ ಸ್ವಲ್ಪ ಹಾಕಿ, ಹಳೆಯ ಎಟಿಎಂ ಕಾರ್ಡಿನ ಅಂಚಿನಿಂದ ತೆಳುವಾಗಿ ಸವರಿ. ಬಾಟಲಿಯಿಂದ ನೇರವಾಗಿ ಹಿಂಡಲು ಮಗುವಿಗೆ ಬಿಡಬೇಡಿ. ಒತ್ತಿದಾಗ ಅಂಚಿನಿಂದ ಅಂಟು ಹೊರಬಂದರೆ ಜಾಸ್ತಿಯಾಯಿತು ಎಂದರ್ಥ. ತಕ್ಷಣ ಒದ್ದೆ ಬಟ್ಟೆಯಿಂದ ಒರೆಸಿ. ಮೈದಾ ಅಂಟು ಸುಲಭವೇ, ಆದರೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ, ಜಿರಲೆಯೂ ಬರುತ್ತದೆ.

ಒಳಹಾಳೆಯನ್ನು ಹೊರಗಿನ ಹಾಳೆಗೆ ಕೂಡಿಸುವುದು ಹೀಗೆ. ಒಳಹಾಳೆಯ ಒಂದು ಅರ್ಧದ ಹಿಂಬದಿಗೆ ಅಂಟು ಹಚ್ಚಿ, ಮೂರು ಹೊರ ಅಂಚಿಗೆ ಮಾತ್ರ. ಬಾಯಿ ಅಥವಾ ಬಾವಿಯ ಹಿಂಭಾಗಕ್ಕೆ ಒಂದು ಹನಿಯೂ ಬೇಡ. ಅಲ್ಲಿ ಅಂಟಿದರೆ ಮೊಸಳೆ ಇನ್ನು ಬಾಯಿ ತೆರೆಯುವುದಿಲ್ಲ. ಮಡಿಕೆಗೆ ಮಡಿಕೆ ಕೂಡಿಸಿ ಅಂಟಿಸಿ. ಆಮೇಲೆ ಇನ್ನೊಂದು ಅರ್ಧಕ್ಕೆ ಅಂಟು ಹಚ್ಚಿ, ಕಾರ್ಡನ್ನು ಸುಮ್ಮನೆ ಮುಚ್ಚಿ ಒತ್ತಿ. ಮುಚ್ಚಿದಾಗ ತಾನಾಗೇ ಸರಿಯಾದ ಜಾಗಕ್ಕೆ ಕೂರುತ್ತದೆ. ತೆರೆದಿಟ್ಟು ಎರಡೂ ಕಡೆ ಒಟ್ಟಿಗೆ ಅಂಟಿಸಿದರೆ ಕಾರ್ಡ್ ಪೂರ್ತಿ ಮುಚ್ಚುವುದಿಲ್ಲ.

## ಹಂತ 10: ಒತ್ತಿಡುವುದು, ಅಂಚೆಗೆ ಹಾಕುವುದು

ಒಂದು ಗಂಟೆ ಗಾಳಿಗೆ ಬಿಟ್ಟು, ಆಮೇಲೆ ಎರಡು ಬಿಳಿ ಹಾಳೆಯ ನಡುವೆ ಇಟ್ಟು ದಪ್ಪ ಪುಸ್ತಕಗಳ ಕೆಳಗೆ ಒಂದು ರಾತ್ರಿ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಎರಡು ರಾತ್ರಿ. ಬಿಸಿಲಿಗೆ ಒಣಗಿಸಿದರೆ ಮತ್ತೆ ಸುರುಟುತ್ತದೆ.

ತೂಕದ ಬಗ್ಗೆ ಹೆದರಿಕೆ ಬೇಡ. 250 ಜಿಎಸ್‌ಎಂನ ಅರ್ಧ ಎ4 ಸುಮಾರು 8 ಗ್ರಾಂ. ಡ್ರಾಯಿಂಗ್ ಶೀಟಿನ ಒಳಹಾಳೆ 4-5 ಗ್ರಾಂ. 80 ಜಿಎಸ್‌ಎಂ ಎ4 ಲಕೋಟೆ 5 ಗ್ರಾಂ. ಒಟ್ಟು 18ರ ಆಸುಪಾಸು. ಸಾಮಾನ್ಯ ಪತ್ರದ ಮೊದಲ ದರ 20 ಗ್ರಾಂ ತನಕ. ಆದರೆ ಒಂದೆರಡು ರಟ್ಟಿನ ಗೊಂಬೆ ಸೇರಿದರೆ 20 ದಾಟಿಬಿಡುತ್ತದೆ. ಹಾಗಾಗಿ ಸ್ಟಾಂಪ್ ಹಚ್ಚುವ ಮೊದಲು ಅಂಚೆ ಕಚೇರಿಯ ಕೌಂಟರಿನಲ್ಲಿ ತೂಗಿಸಿ. ಗುಂಡಿ, ಮಣಿ ಅಂಟಿಸಿದ ಕಾರ್ಡನ್ನು ಅಂಚೆಗೆ ಹಾಕಬೇಡಿ. ಕಟ್ಟುಗಳ ಕೆಳಗೆ ಸಿಕ್ಕಿ ಅವು ಲಕೋಟೆಯನ್ನೇ ಹರಿಯುತ್ತವೆ. ಅಂಥದ್ದನ್ನು ಕೈಯಲ್ಲಿ ಕೊಡಿ.

ವಿಳಾಸವನ್ನು ನೀವು ಬರೆಯಿರಿ, ಆರು ಅಂಕಿಯ ಪಿನ್‌ಕೋಡನ್ನು ಮಗು ಬರೆಯಲಿ. ಲಕೋಟೆಯ ಮೇಲೆ ವಿಳಾಸ ಬರೆದು ಮುಗಿಸಿದ ಮೇಲೇ ಕಾರ್ಡ್ ಒಳಗೆ ಹಾಕಿ. ಮೊದಲೇ ಹಾಕಿ ಬರೆದರೆ ಪೆನ್ನಿನ ಒತ್ತು ಕಾರ್ಡಿನ ಮೇಲೆ ಮೂಡುತ್ತದೆ. ಲಕೋಟೆಯ ಬಾಯಿ ಮುಚ್ಚುವ ಮೊದಲು ಮಗು ಇನ್ನೊಮ್ಮೆ ಬಾಗಿಲು ತೆಗೆದು ಗುಬ್ಬಕ್ಕ ಒಳಗಿದ್ದಾಳಾ ನೋಡಬೇಕು ಎನ್ನುತ್ತದೆ. ನೋಡಲಿ, ಆಮೇಲೆ ಅಂಟಿಸಿ.